ಸೌಟಕ್ಕನ ಚಳಿಗಾಲದ ಸೊನ್ನೆಗಳು

ನಮ್ಮ ಅತ್ತೆ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ನೀರನ್ನು. ಹೂಕುಂಡದ ಕೆಳಗಿನ ತಟ್ಟೆ, ಬಾಲ್ಕನಿಯಲ್ಲಿ ಮಗುಚಿಡದ ಬಕೆಟ್ಟು, ಬಚ್ಚಲಿನ ಮೂಲೆ, ಟ್ಯಾಂಕಿನ ಮುಚ್ಚಳ, ಇಷ್ಟಕ್ಕೂ ಒಂದು ಸುತ್ತು ಹಾಕಿ ಬಂದ ಮೇಲೆಯೇ "ಎಲ್ಲ ಚೆನ್ನಾಗಿದ್ದೀರಾ?" ಎಂಬ ಮಾತು. ನನ್ನ ಗೆಳತಿಯೊಬ್ಬಳ ಹೊಸ ಮನೆಗೆ ಅವರನ್ನು ಕರೆದುಕೊಂಡು ಹೋಗಿ ನಾನು ಕೆಟ್ಟೆ. ಅವಳು ಚಹಾ ತರುವಷ್ಟರಲ್ಲಿ ಅತ್ತೆ ಹೂಕುಂಡದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ಹೆಜ್ಜೆ ಇಡುತ್ತ ಬಂದು ಮೇಜಿನ ಮೇಲಿಟ್ಟರು. "ಹದಿನಾಲ್ಕು ಸೊಳ್ಳೆ ಮರಿ ಇವೆ. ಇನ್ನೆರಡು ದಿನ ಬಿಟ್ಟಿದ್ರೆ ಹಾರಿಹೋಗ್ತಿದ್ವು. ನೋಡಮ್ಮ, ಎಷ್ಟು ಚೆನ್ನಾಗಿ ನೇತಾಡ್ತಿವೆ," ಎಂದರು. ಆಮೇಲಿಂದ ಗೆಳತಿ ನನ್ನೊಬ್ಬಳನ್ನೇ ಕರೆಯುತ್ತಾಳೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯ ಗೋಜಿಗೆ ಹೋಗದೆ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಉಳಿದವರು. ನಗರದ ಆರೋಗ್ಯ ಕಚೇರಿಯ ಕೀಟ ವಿಭಾಗದಲ್ಲಿ ಅವರದು ಇಪ್ಪತ್ನಾಲ್ಕು ವರ್ಷದ ನೌಕರಿ. ಕೆಲಸ ಇಷ್ಟೆ: ಬೀದಿ ಬೀದಿ ಸುತ್ತಿ, ನಿಂತ ನೀರು ಎಲ್ಲಿದೆಯೋ ಅಲ್ಲಿ ಉದ್ದ ಹಿಡಿಯ ಬಿಳಿ ಸೌಟು ಅದ್ದಿ, ಎಷ್ಟು ಸೊಳ್ಳೆ ಮರಿ ಬಂದವೆಂದು ಎಣಿಸಿ ಪುಸ್ತಕದಲ್ಲಿ ಬರೆಯುವುದು. ಆ ಸೌಟು ಬಸ್ಸಿನಲ್ಲಿ ಜನರ ಪಕ್ಕೆಗೆ ತಿವಿಯುತ್ತದೆಂದು ನಮ್ಮ ಬೀದಿಯ ದರ್ಜಿ ಅದಕ್ಕೊಂದು ಉದ್ದನೆಯ ಚೀಲ ಹೊಲಿದುಕೊಟ್ಟಿದ್ದ. 'ಸೌಟಕ್ಕ' ಎಂಬ ಹೆಸರೂ ಅವನದೇ ಕೊಡುಗೆ. ಚೀಲಕ್ಕಿಂತ ಹೆಸರೇ ಗಟ್ಟಿಯಾಗಿ ಉಳಿಯಿತು, ಊರಿಗೆ ಊರೇ ಹಾಗೆ ಕರೆಯಿತು. ದರ್ಜಿ ಮಾತ್ರ ಉಳಿಯಲಿಲ್ಲ. ಎಂಟು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಐದೇ ದಿನದ ಜ್ವರಕ್ಕೆ ಹೋಗಿಬಿಟ್ಟ. ಶೀತಜ್ವರ ಎಂದರು ಡಾಕ್ಟರು.

ಸೌಟು ಅದ್ದುವುದಕ್ಕೂ ಒಂದು ವಿದ್ಯೆ ಬೇಕೆಂದರೆ ನಾನು ಮೊದಲು ನಕ್ಕಿದ್ದೆ. ರಜೆಯ ದಿನ ಅತ್ತೆ ನನ್ನನ್ನು ಪಕ್ಕದ ಖಾಲಿ ನಿವೇಶನಕ್ಕೆ ಕರೆದುಕೊಂಡು ಹೋಗಿ ಸೌಟು ಕೈಗೆ ಕೊಟ್ಟರು. ನಾನು ಹಳೆಯ ಟೈರಿನ ಮೇಲೆ ಬಗ್ಗಿದ್ದೇ ತಡ, ನೀರಿನಲ್ಲಿದ್ದ ಕಪ್ಪು ಎಳೆಗಳೆಲ್ಲ ಬಳುಕಿಕೊಂಡು ತಳ ಸೇರಿದವು. "ನಿನ್ನ ನೆರಳು ಬಿತ್ತು. ನೆರಳು ಬಿದ್ರೆ ಮುಳುಗ್ತವೆ. ಸೂರ್ಯನ ಕಡೆ ಮುಖ ಮಾಡು, ಉಸಿರು ಬಿಗಿಹಿಡಿ, ಸೌಟಿನ ಅಂಚು ಮಾತ್ರ ತಗ್ಗಿಸು," ಎಂದರು ಅತ್ತೆ. ಮೂರನೇ ಸಲಕ್ಕೆ ಆರು ಸಿಕ್ಕವು. ತಲೆ ಕೆಳಗೆ, ಬಾಲ ಮೇಲೆ. ಬಾಲದ ತುದಿಯ ಕೊಳವೆಯಿಂದ ಉಸಿರಾಡುತ್ತವಂತೆ. "ಹೀಗೆ ನೇತಾಡಿದ್ರೆ ಇದು ಡೆಂಗಿ ಸೊಳ್ಳೆಯ ಕಡೇದೋ, ಚರಂಡಿ ಸೊಳ್ಳೆಯ ಕಡೇದೋ ಇರುತ್ತೆ. ನೀರಿನ ಮೇಲೆ ಚಪ್ಪಟೆ ಮಲಗಿದ್ರೆ ಮಲೇರಿಯಾದ್ದು," ಎಂದು ನೆಂಟರನ್ನು ಪರಿಚಯಿಸುವ ಹಾಗೆ ಹೇಳಿದರು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರಿಗೆ ಅಕ್ಷರ ಕಾಣುತ್ತದೆಯೇ ಎಂದು ಕೇಳುವವಳಿಗೆ ಆ ಟೈರಿನಲ್ಲಿ ಅದುವರೆಗೆ ಏನೂ ಕಂಡಿರಲಿಲ್ಲ.

ಅತ್ತೆಯ ಕುತೂಹಲ ಸೊಳ್ಳೆಗೆ ನಿಲ್ಲುತ್ತಿರಲಿಲ್ಲ. ಸ್ವಿಚ್ ಬೋರ್ಡಿನೊಳಗೆ ಇರುವೆಗಳು ಯಾಕೆ ಮನೆ ಮಾಡುತ್ತವೆ, ಬೀದಿದೀಪದ ಕೆಳಗಿನ ಜೇಡಕ್ಕೆ ಕತ್ತಲಿನ ಜೇಡಕ್ಕಿಂತ ಹೊಟ್ಟೆ ಯಾಕೆ ದೊಡ್ಡದು, ಕಿಟಕಿಯ ಮೇಲಿನ ನೆಗೆಯುವ ಜೇಡ ನಮ್ಮತ್ತ ತಿರುಗಿ ನೋಡುತ್ತದಲ್ಲ, ಅದಕ್ಕೆ ನಾವು ಏನಾಗಿ ಕಾಣುತ್ತೇವೆ, ಹೀಗೆ ಊಟಕ್ಕೆ ಕುಳಿತರೂ ಪ್ರಶ್ನೆಗಳೇ. ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮನ ಕೈಯಲ್ಲಿ ಪೊರಕೆ, ಅತ್ತೆಯ ಬಾಯಲ್ಲಿ ಜೇಡದ ಪರ ವಕಾಲತ್ತು. ಕಡೆಗೆ ಇಬ್ಬರಿಗೂ ಒಂದು ರಾಜಿಯಾಯಿತು. ಬಚ್ಚಲಿನ ಒಂದು ಮೂಲೆ ಮತ್ತು ಹಿಂದಿನ ಕೋಣೆಯ ಬೀರುವಿನ ಹಿಂಭಾಗ ಅತ್ತೆಯದು. ಮಿಕ್ಕ ಮನೆಯೆಲ್ಲ ಅಮ್ಮನದು. ಬಚ್ಚಲಿನಲ್ಲಿದ್ದ ಉದ್ದ ಕಾಲಿನ ಬಡಕಲು ಜೇಡ, ಯಾರಾದರೂ ಮುಟ್ಟಿದರೆ ಬಲೆಯಲ್ಲೇ ಗಡಗಡ ನಡುಗುತ್ತಿತ್ತು. ಅದಕ್ಕೆ ಅತ್ತೆ 'ನಡುಗಜ್ಜ' ಎಂದು ಹೆಸರಿಟ್ಟಿದ್ದರು. ಸ್ನಾನಕ್ಕೆ ಹೋದಾಗ ಅದಕ್ಕೆ ಇವತ್ತು ಎಷ್ಟು ಸೊಳ್ಳೆ ಬಿದ್ದಿವೆ ಎಂದು ನೋಡಿ ಬಂದು ನಮಗೂ ಹೇಳುತ್ತಿದ್ದರು, ನಾವು ಕೇಳದಿದ್ದರೂ.

ಇಂಥ ಹೆಂಗಸು ಒಂದೇ ಒಂದು ವಿಷಯದಲ್ಲಿ ಏನನ್ನೂ ಕೇಳಿರಲಿಲ್ಲ. ಅದು ಚಳಿಗಾಲದ ಮೂರು ತಿಂಗಳು.

ಕೀಟ ವಿಭಾಗದಲ್ಲಿ ಅದೊಂದು ಹಳೆಯ ರೂಢಿ. ಚಳಿ ಬಿದ್ದರೆ ಸೊಳ್ಳೆ ಮರಿ ಮಾಡುವುದಿಲ್ಲ, ಆದ್ದರಿಂದ ಸುತ್ತುವುದೂ ಬೇಡ. ಆದರೆ ಪುಸ್ತಕದ ಹಾಳೆ ಖಾಲಿ ಬಿಟ್ಟರೆ ಮೇಲಿನವರು ಒಪ್ಪುವುದಿಲ್ಲ. ಹಾಗಾಗಿ ಚಳಿ ಶುರುವಾಗುವ ವಾರ ಎಲ್ಲರೂ ಒಂದು ಮಧ್ಯಾಹ್ನ ಕಚೇರಿಯಲ್ಲಿ ಕುಳಿತು, ಚಹಾ ತರಿಸಿಕೊಂಡು, ಮುಂದಿನ ಮೂರೂ ತಿಂಗಳಿಗೆ ಸೊನ್ನೆ ಹಾಕಿಬಿಡುತ್ತಿದ್ದರು. ಅತ್ತೆಗೆ ಅದನ್ನು ಕಲಿಸಿದ್ದು ಅವರಿಗಿಂತ ಹಿರಿಯರು, ಅವರಿಗೆ ಅವರ ಹಿರಿಯರು. ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಇಲ್ಲದ್ದನ್ನು ಇಲ್ಲ ಎಂದು ಬರೆಯುವುದಕ್ಕೆ ಹೋಗಿ ನೋಡುವುದೇನಿದೆ? ಒಂದೆರಡು ವರ್ಷ ಅತ್ತೆ ಪುಸ್ತಕ ಮನೆಗೆ ತಂದಾಗ ಆ ಸೊನ್ನೆಗಳನ್ನು ನಾನೇ ಹಾಕಿದ್ದೇನೆ. ನನ್ನ ಸೊನ್ನೆ ದುಂಡಗೆ ಬರುತ್ತದೆಂದು ಹೊಗಳಿಸಿಕೊಂಡೂ ಇದ್ದೇನೆ.

ಹೋದ ಚಳಿಗಾಲದ ಎರಡನೇ ತಿಂಗಳಲ್ಲಿ ಅಪ್ಪ ಜ್ವರ ಹಿಡಿದು ಮಲಗಿದರು.

ಅಪ್ಪ ಫ್ರಿಜ್ ರಿಪೇರಿ ಮಾಡುವವರು. ಮನೆಯ ಮುಂದಿನ ಶೆಡ್ಡೇ ಅವರ ಅಂಗಡಿ. ಜ್ವರವೆಂದರೆ ಅಂತಿಂಥ ಜ್ವರವಲ್ಲ. ಕಣ್ಣುಗುಡ್ಡೆಯ ಹಿಂದೆ ನೋವು, ಮೂಳೆ ಮೂಳೆಯಲ್ಲೂ ನೋವು. ಬೀದಿಯ ಕೊನೆಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. "ಡೆಂಗಿ ಇರಬಹುದಾ ಡಾಕ್ಟ್ರೇ?" ಎಂದು ಕೇಳಿದೆ. ಅವರು ಗೋಡೆಯ ಮೇಲಿದ್ದ ಆರೋಗ್ಯ ಕಚೇರಿಯ ತಿಂಗಳ ವರದಿಯತ್ತ ಪೆನ್ನು ತೋರಿಸಿದರು. "ಈ ಚಳಿಯಲ್ಲಿ ಎಲ್ಲಿಂದ ಬರ್ಬೇಕಮ್ಮ? ನೋಡಿ, ಸೊಳ್ಳೆ ಮರಿ ಸೊನ್ನೆ ಅಂತ ನಿಮ್ಮ ಅತ್ತೆಯವರ ಕಚೇರಿಯವರೇ ಬರೆದಿದ್ದಾರೆ. ಇದು ಶೀತಜ್ವರ." ಜ್ವರಕ್ಕೊಂದು, ಮೈಕೈ ನೋವಿಗೊಂದು ಮಾತ್ರೆ ಕೊಟ್ಟು ಕಳಿಸಿದರು. ನನಗೂ ಸಮಾಧಾನವಾಯಿತು. ನಮ್ಮ ಅತ್ತೆಯ ಲೆಕ್ಕವೆಂದರೆ ಲೆಕ್ಕವೇ.

ನಾಲ್ಕನೇ ದಿನ ಜ್ವರ ಇಳಿಯಿತು. ಅಮ್ಮ ಹಗುರಾಗಿ ಉಸಿರುಬಿಟ್ಟು ಗಂಜಿ ಕಾಯಿಸಿದರು. ಐದನೇ ದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜಿ ಉಗುಳಿದರೆ ಕೆಂಪು. ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದು ಕುಳಿತರು. ಚಳಿಯಲ್ಲಿ ಸುತ್ತಾಟ ಇಲ್ಲದಿದ್ದರೂ ರೂಢಿಯಂತೆ ಸೌಟಿನ ಚೀಲ ಹೆಗಲಿಗೇರಿಸಿ ಕಚೇರಿಗೆ ಹೊರಟಿದ್ದ ಅತ್ತೆ ಬಾಗಿಲಲ್ಲೇ ನಿಂತರು. ಅಪ್ಪನ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಚರ್ಮದ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು. ಅತ್ತೆ ತಮ್ಮನನ್ನು ಹಾಗೇ ಬಿಟ್ಟು ಸೀದಾ ಶೆಡ್ಡಿಗೆ ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ಮನುಷ್ಯ ಸಾಯುವ ಹಾಗಿದ್ದಾನೆ, ಇವರಿಗೆ ಈಗಲೂ ನೀರೇ ಬೇಕೇ ಎಂದು ಬಯ್ಯುತ್ತಲೇ ಹಿಂದೆ ಹೋದೆ.

ಶೆಡ್ಡಿನಲ್ಲಿ ರಿಪೇರಿಯಾದ ಒಂದು ಫ್ರಿಜ್ಜು ಎರಡು ವಾರದಿಂದ ಗುಂಯ್ಗುಡುತ್ತಿತ್ತು, ಮತ್ತೆ ಕೆಡುತ್ತದೋ ಎಂದು ನೋಡಲು ಅಪ್ಪ ಓಡಿಸುತ್ತ ಬಿಟ್ಟಿದ್ದು. ಅದರ ಬೆನ್ನಿಗೆ, ಬಿಸಿ ಮೋಟಾರಿನ ಮೇಲೆ, ಕರಗಿದ ನೀರು ಬಂದು ಸೇರುವ ಒಂದು ತಟ್ಟೆ ಇರುತ್ತದೆ. ಸಾವಿರ ಮನೆಗಳಲ್ಲಿ ಅತ್ತೆ ಅದನ್ನು ಚೆಲ್ಲಿಸಿದ್ದಾರೆ. ಈ ಶೆಡ್ಡಿನಲ್ಲಿ ಮಾತ್ರ ಅಪ್ಪ, "ಅಕ್ಕ, ಇದು ನನ್ನ ಅಂಗಡಿ, ನಿನ್ನ ವಾರ್ಡಲ್ಲ," ಎಂದು ನಗುತ್ತ ತಡೆಯುತ್ತಿದ್ದರು. ಆ ಸಂದಿಗೆ ಸೌಟು ಹೋಗಲಿಲ್ಲ. ಅತ್ತೆ ಅಡುಗೆಮನೆಯಿಂದ ಚಮಚ ತರಿಸಿದರು. ಮೊದಲ ಚಮಚದಲ್ಲೇ ಎರಡು ಬಂದವು. ಒಟ್ಟು ಒಂಬತ್ತು. ಅತ್ತೆ ಮತ್ತೊಮ್ಮೆ ಎಣಿಸಿದರು.

"ಚಳಿಗಾಲ," ಎಂದರು. ಆಮೇಲೆ, "ಆಟೋ ಕರಿ."

ದೊಡ್ಡಾಸ್ಪತ್ರೆಯ ಡಾಕ್ಟರಮ್ಮನೂ ಮೊದಲು ಅದೇ ಮಾತು ಹೇಳಿದರು. ಈ ತಿಂಗಳು ಡೆಂಗಿ ಅಪರೂಪ, ವರದಿಯಲ್ಲಿ ಸೊಳ್ಳೆಯೇ ಇಲ್ಲ, ಮೊದಲು ಬೇರೆ ಪರೀಕ್ಷೆ ಮಾಡೋಣ ಎಂದು. ಅತ್ತೆ ಮೇಜಿನ ಮೇಲೆ ತಮ್ಮ ಗುರುತಿನ ಚೀಟಿ ಇಟ್ಟರು.

"ಆ ವರದಿಗೆ ಸೊನ್ನೆ ಕೊಟ್ಟೋಳು ನಾನು," ಎಂದರು. "ನಾನು ಹೋಗಿ ನೋಡಿಲ್ಲ. ನೋಡದೆ ಬರೆದೆ. ನನ್ನ ತಮ್ಮನಿಗೆ ಡೆಂಗಿ ಪರೀಕ್ಷೆ ಮಾಡಿ, ದಯವಿಟ್ಟು."

ಡಾಕ್ಟರಮ್ಮ ಪರೀಕ್ಷೆಗೆ ಬರೆದುಕೊಟ್ಟರು. ಡೆಂಗಿಯೇ ಆಗಿತ್ತು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಪಾತಾಳಕ್ಕಿಳಿದಿದ್ದವು. ಮೈಕೈ ನೋವಿಗೆಂದು ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆಯನ್ನು ಡೆಂಗಿ ಇರುವವರಿಗೆ ಕೊಡಲೇಬಾರದಂತೆ, ಅದು ರಕ್ತಸ್ರಾವವನ್ನು ಹೆಚ್ಚಿಸುತ್ತದಂತೆ. "ಒಂದು ದಿನ ತಡ ಮಾಡಿದ್ರೆ ನನ್ನ ಕೈಲಿ ಇರ್ತಿರಲಿಲ್ಲ," ಎಂದರು ಡಾಕ್ಟರಮ್ಮ. ಅಮ್ಮ ಗೋಡೆಗೆ ಒರಗಿ ಕುಳಿತರು. ಅತ್ತೆ ನಿಂತೇ ಇದ್ದರು.

ಅಪ್ಪ ಆರು ದಿನ ಆಸ್ಪತ್ರೆಯಲ್ಲಿದ್ದರು. ಆ ಆರೂ ದಿನ ಅತ್ತೆ ರಜೆ ಹಾಕಿ, ಬೆಳಿಗ್ಗೆ ಸೌಟು ಹಿಡಿದು ತಮ್ಮ ವಾರ್ಡಿನ ಬೀದಿಗಳನ್ನು ಸುತ್ತಿದರು. ಬಾಗಿಲು ತೆಗೆದವರೆಲ್ಲ, "ಏನು ಸೌಟಕ್ಕಾ, ಚಳಿಯಲ್ಲೂ ಬಿಡಲ್ವಾ?" ಎಂದು ನಕ್ಕರಂತೆ. ನಲವತ್ತು ಮನೆ ನೋಡಿದ್ದರಲ್ಲಿ ಹನ್ನೊಂದು ಕಡೆ ಮರಿ ಸಿಕ್ಕಿತು. ಫ್ರಿಜ್ಜಿನ ತಟ್ಟೆಯದಾದರೆ ಬಿಸಿ ಮೋಟಾರಿನ ಪುಣ್ಯ ಎನ್ನಬಹುದಿತ್ತು. ಆದರೆ ಬಯಲಿನ ಟೈರಿನಲ್ಲಿ, ನೀರಿನ ಮೀಟರಿನ ಗುಂಡಿಯಲ್ಲಿ, ಮುಚ್ಚಳ ಒಡೆದ ಟ್ಯಾಂಕಿನಲ್ಲಿಯೂ ಇದ್ದವು. ಅತ್ತೆ ಗುಂಡಿಯೊಳಗೆ ದಾರ ಕಟ್ಟಿದ ಥರ್ಮಾಮೀಟರು ಇಳಿಸಿ ನೋಡಿದರು. ಇಪ್ಪತ್ತೊಂದು ಡಿಗ್ರಿ, ಮರಿಗಳಿಗೆ ಸಾಕಷ್ಟು ಬೆಚ್ಚಗೆ.

ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನನಗೆ ಬಿಡಿಸಿ ಹೇಳಿದರು. ಸೊಳ್ಳೆ ಕಚ್ಚಿದ ಕೂಡಲೇ ರೋಗ ಹರಡುವುದಿಲ್ಲ. ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ವೈರಸ್ಸು ಮಾಗಬೇಕು, ಅಲ್ಲಿಂದ ಅದರ ಜೊಲ್ಲಿಗೆ ಬರಬೇಕು. ಸೆಕೆಯಲ್ಲಿ ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಚಳಿಯಲ್ಲಿ ಮೂರು ವಾರಕ್ಕೂ ಮೀರುತ್ತದೆ. ಸೊಳ್ಳೆಯ ಆಯುಸ್ಸೇ ಎರಡು ಮೂರು ವಾರ. "ಅಂದ್ರೆ ಚಳಿಯಲ್ಲಿ ರೋಗ ಮಾಗೋದರೊಳಗೆ ಸೊಳ್ಳೆ ಸತ್ತುಹೋಗುತ್ತೆ. ನಮ್ಮನ್ನ ಕಾಯ್ತಿದ್ದಿದ್ದು ಅದೊಂದೇ. ಈಗ ಚಳಿ ಒಂದೆರಡು ಡಿಗ್ರಿ ಸಡಿಲ ಆದ್ರೂ ಸಾಕು, ಅದಕ್ಕೆ ನಾಲ್ಕು ದಿನ ಉಳಿತಾಯ."

"ಹಾಗಾದ್ರೆ ಈಚೆಗೆ ಹೀಗಾಗಿದೆ. ಮೊದಲು ನಿಮ್ಮ ಸೊನ್ನೆ ಸರಿಯಾಗೇ ಇತ್ತು," ಎಂದೆ ನಾನು, ಅವರನ್ನು ಸಮಾಧಾನ ಮಾಡಲು.

ಅತ್ತೆ ನನ್ನತ್ತ ತಿರುಗಿದರು. ಕಿಟಕಿಯ ಮೇಲಿನ ಆ ನೆಗೆಯುವ ಜೇಡ ತಿರುಗುವ ಹಾಗೇ ತಿರುಗಿದರು. "ಈಚೆಗೆ ಅಂದ್ರೆ ಯಾವತ್ತಿಂದ?"

ನಾನು ಬೆರಳು ಮಡಿಸಿ ವರ್ಷ ಎಣಿಸತೊಡಗಿದೆ.

"ಚಳಿಗಾಲದಲ್ಲಿ ಸೊಳ್ಳೆ ಬಂದಿದ್ದು ಈ ವರ್ಷವಾ? ಐದು ವರ್ಷದ ಹಿಂದಾ? ಎಂಟು ವರ್ಷದ ಹಿಂದಾ?" ಎಂಟು ಎನ್ನುತ್ತಲೇ ಅವರ ಕೈ ಮಡಿಲಲ್ಲಿದ್ದ ಚೀಲದ ಹೊಲಿಗೆಯ ಮೇಲೆ ಹೋಯಿತು. ದರ್ಜಿಯ ಶೀತಜ್ವರ ನನಗೂ ಆಗಲೇ ನೆನಪಾದದ್ದು.

ಅಪ್ಪ ಮನೆಗೆ ಬಂದ ಮರುದಿನ ಅತ್ತೆ ಕಚೇರಿಗೆ ಹೋಗಿ ಎಲ್ಲವನ್ನೂ ಅಧಿಕಾರಿಗೆ ಹೇಳಿದರು. ಸಂಜೆ ಮನೆಗೆ ಬಂದು, ಅವನು ಅಂದದ್ದನ್ನು ಅವನ ದನಿಯಲ್ಲೇ ನಮಗೆ ಒಪ್ಪಿಸಿದರು. ಅಧಿಕಾರಿ ಕೆಟ್ಟವನಲ್ಲ, ಹೆದರುಪುಕ್ಕಲ. "ಈ ವರ್ಷದ್ದು ತಿದ್ದಿ ಅಕ್ಕಾವ್ರೇ, ಯಾರು ಬೇಡ ಅಂತಾರೆ? ಇನ್ನು ಮೇಲೆ ಚಳಿಯಲ್ಲೂ ಸುತ್ತೋಣ ಅಂತ ನಾನೇ ಮೇಲಕ್ಕೆ ಬರೀತೀನಿ. ಹಳೇದು ಯಾಕೆ ಕೆದಕ್ತೀರಿ? ಹಳೇ ಸೊನ್ನೆ ಇದ್ರೆ ನಿಮಗೇ ಒಳ್ಳೇದು. ಮೊದಲು ಇರಲಿಲ್ಲ, ಈಗ ಬಂದಿದೆ ಅಂತ ಚೆನ್ನಾಗಿ ಕಾಣುತ್ತೆ. ಹಳೇದನ್ನ ಮುಟ್ಟಿದ್ರೆ ಎಲ್ಲರ ಪುಸ್ತಕಾನೂ ತೆಗೀಬೇಕಾಗುತ್ತೆ. ಆಮೇಲೆ ನಿಮ್ಮನ್ನ ಬೀದಿ ಕೆಲಸದಲ್ಲಿ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಸರಿಯಾಗೇ ಹೇಳಿದ್ದಾರೆ," ಎಂದರು ಅಪ್ಪ ಹಾಸಿಗೆಯಿಂದ. "ಸುಮ್ನಿರು ಅಕ್ಕ. ನಾನು ಬದುಕಿದ್ದೀನಲ್ಲ."

"ನೀನು ಬದುಕಿದ್ದೀಯ," ಎಂದರು ಅತ್ತೆ.

ಮರುದಿನ ಅವರು ಕಚೇರಿಯ ಬೀರುವಿನಿಂದ ತಮ್ಮ ಇಪ್ಪತ್ನಾಲ್ಕು ಪುಸ್ತಕಗಳನ್ನು ತೆಗೆಸಿ, ಎಪ್ಪತ್ತೆರಡು ಹಾಳೆಗಳಲ್ಲಿ ಸೊನ್ನೆಯ ಸಾಲನ್ನು ಹೊಡೆದುಹಾಕಿದರು. ಪ್ರತಿ ಹಾಳೆಯ ಮೇಲೂ 'ನೋಡಿಲ್ಲ' ಎಂದು ಬರೆದು ಸಹಿ ಮಾಡಿದರು. ನಾನು ಹಾಕಿಕೊಟ್ಟ ದುಂಡನೆಯ ಸೊನ್ನೆಗಳೂ ಅದರಲ್ಲಿ ಹೋದವು. ಜೊತೆಯವರು ಒಂದು ವಾರ ಅವರೊಡನೆ ಮಾತು ಬಿಟ್ಟರು. ತಿಂಗಳು ಕಳೆಯುವುದರೊಳಗೆ ಅತ್ತೆಯನ್ನು ಜನನ ಮರಣ ದಾಖಲೆಯ ಕಿಟಕಿಗೆ ಹಾಕಿದರು. ಕ್ಲಿನಿಕ್ಕಿನ ಗೋಡೆಯಿಂದ ಆ ವರದಿ ಇಳಿಯಿತು. ಮುಂದಿನ ಚಳಿಗೆ ಸುತ್ತಲು ಇಬ್ಬರು ಹೊಸಬರು ಬಂದರು. ಅವರಿಗೆ ನೆರಳು ಬೀಳದ ಹಾಗೆ ನಿಲ್ಲುವುದನ್ನು ಕಲಿಸಿದ ಮೇಲೆ ಅತ್ತೆ ಸೌಟನ್ನೂ ಕೊಟ್ಟುಬಿಟ್ಟರು. ಚೀಲ ಕೊಡಲಿಲ್ಲ.

ಕಿಟಕಿಯ ಕೆಲಸ ಅವರಿಗೆ ಹಿಡಿಸಲಿಲ್ಲ, ಹಿಡಿಸಿದಂತೆ ನಟಿಸಲೂ ಇಲ್ಲ. ಆದರೆ ಕುತೂಹಲ ಸಾಯುವ ಜಾತಿಯಲ್ಲ. ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಕೋಣೆಯಿಂದ ಕೂಗಿದರು. "ಇಬ್ಬರೂ ಬನ್ನಿ, ಬೀರು ಸರಿಸಬೇಕು."

ಆ ಬೀರು ಇಪ್ಪತ್ತು ವರ್ಷದಿಂದ ಅಲುಗಿದ್ದಲ್ಲ. ಅದರ ಹಿಂಭಾಗ ರಾಜಿಯ ಪ್ರಕಾರ ಅತ್ತೆಯದು. ಅಮ್ಮ ಪೊರಕೆ ಹಿಡಿದುಕೊಂಡೇ ಬಂದರು, ಕಡೆಗೂ ತಮ್ಮ ಕಾಲ ಬಂತೆಂದು. ಮೂವರೂ ಸೇರಿ ಎಳೆದೆವು. ಹಿಂದೆ ಗೋಡೆಯೇ ಕಾಣಲಿಲ್ಲ. ಬಲೆಯ ಮೇಲೆ ಬಲೆ, ಹಳೆಯದರ ಮೇಲೆ ಹೊಸದು, ಕಂಬಳಿಯಷ್ಟು ದಪ್ಪ. ತಳದಲ್ಲಿ ಬೂದಿಬಣ್ಣದ ಧೂಳಿನಂತೆ ಸೊಳ್ಳೆಗಳ ಒಣ ಹೆಣ.

"ಚಳಿಗಾಲದಲ್ಲೂ ಡ್ಯೂಟಿ ಮಾಡಿದ್ದು ಇವು ಮಾತ್ರ," ಎಂದರು ಅತ್ತೆ.

ಅವರ ಯೋಚನೆ ಆಗ ನನಗೆ ಹೊಳೆಯಿತು. ಜೇಡಗಳಿಗೆ ರಜೆ ಇಲ್ಲ. ಎಂಟು ವರ್ಷದ ಹಿಂದಿನ ಚಳಿಯಲ್ಲಿ ಸೊಳ್ಳೆ ಇದ್ದಿದ್ದರೆ ಇಲ್ಲೆಲ್ಲೋ ಬಿದ್ದಿರಬೇಕು. ನಾನು ಕನ್ನಡಕದ ಅಂಗಡಿಯಿಂದ ತಂದುಕೊಟ್ಟಿದ್ದ ದಪ್ಪ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಅತ್ತೆ ನೆಲದ ಮೇಲೆ ಬೋರಲು ಮಲಗಿಬಿಟ್ಟರು. ಬಲೆಯ ಪದರಗಳನ್ನು ಹೇರ್‌ಪಿನ್ನಿನಿಂದ ಒಂದೊಂದಾಗಿ ಬಿಡಿಸಿದರು. ಗಂಟೆ ಒಂದಾಯಿತು, ಎರಡಾಯಿತು. ಅಮ್ಮ ಮೊದಲು ಗೊಣಗಿದರು, ಆಮೇಲೆ ಟಾರ್ಚು ತಂದು ತಾವೇ ಹಿಡಿದು ಕುಳಿತರು. ನಾನು ಅವರು ಕೊಟ್ಟದ್ದನ್ನೆಲ್ಲ ಬಿಳಿ ಕಾಗದದ ಮೇಲೆ ಇಡುತ್ತ ಹೋದೆ.

ಕಡೆಗೆ ಅತ್ತೆ ಎದ್ದು ಕುಳಿತರು. ಕೂದಲಿಗೆಲ್ಲ ಬಲೆ ಮೆತ್ತಿತ್ತು.

"ಕಾಲಿದೆ, ರೆಕ್ಕೆ ಇದೆ. ಕಾಲಿನ ಮೇಲೆ ಬಿಳಿ ಪಟ್ಟೆನೂ ಇದೆ, ಡೆಂಗಿ ಸೊಳ್ಳೇನೇ," ಎಂದರು. "ಯಾವ ವರ್ಷದ್ದು, ಯಾವ ತಿಂಗಳದ್ದು ಅಂತ ಮಾತ್ರ ಇಲ್ಲ."

ಅಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದರು. "ಬೀರು ಹಾಗೇ ಹಿಂದಕ್ಕೆ ತಳ್ಳೋಣ ಅತ್ತಿಗೆ. ಅವು ಇರಲಿ ಬಿಡಿ," ಎಂದರು. ಅಮ್ಮನ ಬಾಯಿಂದ ಅಂಥ ಮಾತು ಹಿಂದೆಂದೂ ಬಂದಿರಲಿಲ್ಲ.

ಅತ್ತೆಗೆ ಕೇಳಿಸಿತೋ ಇಲ್ಲವೋ. ಅವರು ಕಿಟಕಿಯಿಂದ ಆಚೆ ಹಿತ್ತಲುಗಳ ಸಾಲಿನತ್ತ ನೋಡುತ್ತಿದ್ದರು.

"ದರ್ಜಿ ಮನೆ ಇಲ್ಲಿಂದ ನಾಲ್ಕನೇದು," ಎಂದರು. "ಹಿತ್ತಲಲ್ಲಿ ಒಂದು ಕಲ್ಲಿನ ತೊಟ್ಟಿ ಇತ್ತು. ಆ ಚಳೀಲಿ ಸೌಟು ಅದ್ದಿ ನೋಡೋಕೆ ಹತ್ತೇ ನಿಮಿಷ ಸಾಕಿತ್ತು."